ಪ್ರೌಢಶಾಲೆಯ ಕಸುಬಿನ ಪಾಠಕ್ಕೆ ಜೂನ್ ತಿಂಗಳಲ್ಲಿ ಹಣ ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಹಾಗೂ ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ವಿಷಯ: ಸರ್ಕಾರಿ ಪ್ರೌಢಶಾಲೆಗಳ ವೃತ್ತಿಶಿಕ್ಷಣಕ್ಕೆ ಅನುದಾನ ಬಿಡುಗಡೆಯಾಗುವ ಕ್ರಮದ ಕುರಿತು.

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದು ನಿವೃತ್ತನಾದವನು ನಾನು. ವಿಜ್ಞಾನದ ಮೇಷ್ಟ್ರಾಗಿ ಇಲಾಖೆಗೆ ಸೇರಿದ ನನಗೆ ಸೇವೆಯ ಕೊನೆಯ ಆರು ವರ್ಷ ಆಟೊಮೊಬೈಲ್ ಎಂಬ ವಿಷಯದ ಹೊಣೆಯೂ ಬಿತ್ತು. ಪಾಠ ಮಾಡುವ ಹೊಣೆಯಲ್ಲ. ಬಂದ ಸಾಮಾನಿನ ಪಟ್ಟಿಗೆ ಸಹಿ ಹಾಕುವ, ಬಾರದ ಹಣಕ್ಕೆ ಪತ್ರ ಬರೆಯುವ ಹೊಣೆ. ಸರ್ಕಾರದಲ್ಲಿ ದುಡ್ಡಿಲ್ಲ ಎಂಬ ಹಳೆಯ ದೂರನ್ನು ಹೊತ್ತು ನಾನು ಈ ಪತ್ರ ಬರೆಯುತ್ತಿಲ್ಲ. ಈ ಪಾಠಕ್ಕೆ ದುಡ್ಡು ಬರುತ್ತದೆ. ಆದರೆ ಸಾಮಾನು ಕೊಳ್ಳುವುದಕ್ಕೆ ಬರುವಷ್ಟು ಸಲೀಸಾಗಿ ಅದನ್ನು ಕಲಿಸುವವರ ಸಂಬಳಕ್ಕೆ ಬರುವುದಿಲ್ಲ, ಮಕ್ಕಳ ಕೈಗೆ ಕೊಟ್ಟು ಖರ್ಚು ಮಾಡಿಸಬೇಕಾದ ಎಣ್ಣೆ, ತಂತಿ, ನಟ್ಟು, ಬೋಲ್ಟುಗಳಿಗೆ ಬರುವುದಿಲ್ಲ. ಬಂದರೂ ಶಾಲೆ ಮುಗಿಯುವ ಹೊತ್ತಿಗೆ ಬರುತ್ತದೆ. ನನ್ನ ಅಹವಾಲೆಲ್ಲ ಇಷ್ಟೇ.

ಸಾರ್ವಜನಿಕರಲ್ಲಿ ಅನೇಕರಿಗೆ ಇಂಥದೊಂದು ಪಾಠ ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುತ್ತಿದೆ ಎಂಬುದೇ ತಿಳಿದಿಲ್ಲವಾದ್ದರಿಂದ ಎರಡು ಮಾತು. ಕೇಂದ್ರ ಸರ್ಕಾರ 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು, ಅಂದರೆ ಶಾಲೆಗಳಲ್ಲಿ ಎಲ್ಲರೂ ಎನ್‌ಎಸ್‌ಕ್ಯುಎಫ್ ಎನ್ನುವುದನ್ನು, ಹೊರಡಿಸಿತು. ಅದರಡಿ ಆಯ್ದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್ ಕೇರ್ ಮುಂತಾದ ವಿಷಯಗಳನ್ನು 9 ಮತ್ತು 10ನೇ ತರಗತಿಗೆ ಕಲಿಸಲಾಗುತ್ತದೆ. ಮೊದಲು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದಿಂದ, 2018ರಿಂದ ಸಮಗ್ರ ಶಿಕ್ಷಣ ಎಂಬ ಕೇಂದ್ರದ ಯೋಜನೆಯಿಂದ ಇದಕ್ಕೆ ಹಣ ಬರುತ್ತಿದ್ದು, ಈಗ ನೂರು ರೂಪಾಯಿಯಲ್ಲಿ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿಯು ತೃತೀಯ ಭಾಷೆಯ ಬದಲಿಗೆ ಈ ವಿಷಯವನ್ನು ತೆಗೆದುಕೊಂಡು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಬಹುದು. ಮುಚ್ಚುಮರೆಯೇಕೆ, ನಮ್ಮ ಮೊದಲ ತಂಡದ ಅರ್ಧದಷ್ಟು ಮಕ್ಕಳು ಆಟೊಮೊಬೈಲ್ ಆರಿಸಿಕೊಂಡದ್ದು ಎಂಜಿನ್ನಿನ ಮೇಲಿನ ಪ್ರೀತಿಯಿಂದಲ್ಲ, ಹಿಂದಿಯಿಂದ ತಪ್ಪಿಸಿಕೊಳ್ಳುವುದಕ್ಕೆ. ಪ್ರೀತಿ ಆಮೇಲೆ ಬಂತು.

ನಮ್ಮ ಶಾಲೆಗೆ ಲ್ಯಾಬಿನ ಸಾಮಾನು ಬಂದಿಳಿದದ್ದು ಒಂದು ಮಾರ್ಚ್ ತಿಂಗಳ ಕೊನೆಯ ವಾರ. ಹೊರಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬಂದೋಬಸ್ತು, ಒಳಗೆ ಸಿಬ್ಬಂದಿ ಕೊಠಡಿಯಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಅಡ್ಡಕ್ಕೆ ಕೊಯ್ದು ಒಳಗಿನ ಭಾಗಗಳಿಗೆ ಕೆಂಪು ನೀಲಿ ಬಣ್ಣ ಬಳಿದ ಒಂದು ಎಂಜಿನ್, ಒಂದು ಗೇರ್‌ಬಾಕ್ಸ್, ಸ್ಪಾನರ್ ಸೆಟ್ಟುಗಳು, ಒಂದು ಹೈಡ್ರಾಲಿಕ್ ಜಾಕ್, ಗೋಡೆಗೆ ತೂಗುಹಾಕುವ ಪಟಗಳು. ಆರ್ಥಿಕ ವರ್ಷ ಮುಗಿಯುವುದರೊಳಗೆ ಹಣ ಬಳಕೆ ಪ್ರಮಾಣಪತ್ರ ಹೋಗಬೇಕಾಗಿದ್ದುದರಿಂದ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚುವ ಮೊದಲೇ ದಾಸ್ತಾನು ವಹಿಯಲ್ಲಿ ಬರೆದು, ಫೋಟೊ ತೆಗೆದು, ಸಹಿ ಹಾಕಿ ಕಳಿಸಿದೆವು. ಕೋಣೆಗೆ ಕಿಟಕಿಯ ಸರಳು ಗಟ್ಟಿಯಿರಲಿಲ್ಲ. ಕಳುವಾದರೆ ಮುಖ್ಯ ಶಿಕ್ಷಕನ ಪಿಂಚಣಿಯಿಂದ ಕಡಿತ ಎಂಬ ಭಯಕ್ಕೆ ಸ್ಪಾನರ್‌ಗಳನ್ನೆಲ್ಲ ಗೋದ್ರೇಜ್ ಬೀರುವಿಗೆ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಆ ಕೀಲಿ ನಾಲ್ಕು ತಿಂಗಳು ಅಲ್ಲೇ ಇತ್ತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತಲೇ ಹೇಳುತ್ತೇನೆ: ಬಳಸಿ ಸವೆಸಿದವನಿಗಿಂತ ಬಳಸದೆ ಜೋಪಾನ ಮಾಡಿದವನಿಗೆ ಲೆಕ್ಕಪರಿಶೋಧನೆಯಲ್ಲಿ ನೆಮ್ಮದಿ ಹೆಚ್ಚು. ಹೀಗಿರುವಾಗ ಯಾವ ಮುಖ್ಯ ಶಿಕ್ಷಕನೂ ಬೀರು ತೆರೆಯಲು ಅವಸರ ಮಾಡುವುದಿಲ್ಲ.

ಬೀರು ತೆರೆದ ಮೇಲೂ ತೊಡಕು ಮುಗಿಯಲಿಲ್ಲ. ಬಂದಿದ್ದ ಮಾದರಿಗಳಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು, ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯೆಲ್ ಇಂಜೆಕ್ಷನ್‌ಗೆ ಹೊರಳಿಕೊಂಡಿದ್ದವು. ಕಾರ್ಬುರೇಟರ್ ಬಿಚ್ಚಿ, ಜೆಟ್ ಊದಿ, ಪೆಟ್ರೋಲಿನಲ್ಲಿ ತೊಳೆದು ಕೂರಿಸುವ ವಿದ್ಯೆ ಹಳೆಯ ಗಾಡಿಗಳಿಗೆ ಇವತ್ತಿಗೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮೂರ ಗ್ಯಾರೇಜಿನ ಹುಡುಗನೊಬ್ಬ ಅಂಗೈಯಗಲದ ಸ್ಕ್ಯಾನರನ್ನು ಗಾಡಿಗೆ ಚುಚ್ಚಿ ದೋಷದ ಕೋಡ್ ಓದುವುದನ್ನು ನೋಡಿ ಬಂದ ನಮ್ಮ ಮಕ್ಕಳು, 'ಸಾರ್, ಅದು ನಮ್ಮತ್ರ ಇಲ್ವಾ' ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉಪಕರಣಕ್ಕೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯಲ್ಲಿ, ಬದಲಾಗುತ್ತಲೇ ಇರುವ ಕಸುಬಿಗೆ ವರ್ಷವರ್ಷವೂ ಒಂದಿಷ್ಟು ಸೇರಿಸಿಕೊಳ್ಳಲು ಜಾಗವೇ ಇಲ್ಲ.

ಇನ್ನು ಖರ್ಚಾಗುವ ಸಾಮಾನಿನ ಮಾತು. ಎಂಜಿನ್ ಆಯಿಲ್ ಬದಲಿಸುವುದನ್ನು ಕಲಿಸಬೇಕಾದರೆ ಆಯಿಲ್ ಬೇಕು. ಬ್ರೇಕ್ ಶೂ ಕೂರಿಸುವುದನ್ನು ಕಲಿಸಬೇಕಾದರೆ ಬ್ರೇಕ್ ಶೂ ಬೇಕು. ಒಂದೇ ಜೊತೆಯನ್ನು 38 ಮಕ್ಕಳು ಬಿಚ್ಚಿ ಕೂರಿಸಿದರೆ ಹತ್ತನೆಯವನ ಹೊತ್ತಿಗೆ ಸ್ಪ್ರಿಂಗ್ ಸಡಿಲವಾಗಿರುತ್ತದೆ. ವೈರಿಂಗ್ ಕಲಿಸಲು ತಂತಿ, ಬಲ್ಬು, ಫ್ಯೂಸು, ಬೆಸುಗೆಗೆ ಸೀಸ. ಇವೆಲ್ಲ ಕೂಡಿ ದೊಡ್ಡ ಮೊತ್ತವೇನೂ ಅಲ್ಲ, ಒಂದು ಶಾಲಾ ವಾರ್ಷಿಕೋತ್ಸವಕ್ಕೆ ಹಾಕುವ ಶಾಮಿಯಾನದ ಬಾಡಿಗೆಯಷ್ಟೂ ಆಗಲಿಕ್ಕಿಲ್ಲ. ಆದರೆ ಜೂನ್‌ನಲ್ಲಿ ಪಾಠ ಶುರುವಾದರೆ ಈ ತಲೆಬರಹದಡಿ ಹಣ ನಮ್ಮ ಕೈಸೇರುತ್ತಿದ್ದದ್ದು ಜನವರಿಯ ಆಚೆ. ನಡುವಿನ ತಿಂಗಳುಗಳಲ್ಲಿ ಮಕ್ಕಳು ಮಾಡಿದ್ದೇನು? ಪುಸ್ತಕದಲ್ಲಿದ್ದ ಕ್ಲಚ್ಚಿನ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಂಡು ಭಾಗಗಳ ಹೆಸರು ಬರೆದರು. ಕೆಲವರು ಬಹಳ ಚೆನ್ನಾಗಿ ಬರೆದಿದ್ದರು.

ಇದೆಲ್ಲದರ ನಡುವೆಯೂ ಪಾಠ ನಡೆದದ್ದು ಒಬ್ಬ ತರಬೇತುದಾರನಿಂದ. ಡಿಪ್ಲೊಮಾ ಮುಗಿಸಿ ದಾವಣಗೆರೆಯ ಒಂದು ಸರ್ವಿಸ್ ಸೆಂಟರಿನಲ್ಲಿ ಮೂರು ವರ್ಷ ದುಡಿದು ಬಂದಿದ್ದ ಹುಡುಗ. ಅವನು ನಮ್ಮ ಶಾಲೆಯ ನೌಕರನಲ್ಲ, ಇಲಾಖೆಯ ನೌಕರನೂ ಅಲ್ಲ; ತರಬೇತಿ ಒದಗಿಸುವ ಒಂದು ಏಜೆನ್ಸಿಯ ಮೂಲಕ ಹೊರಗುತ್ತಿಗೆಯಲ್ಲಿ ಬಂದವನು. ವರ್ಷಕ್ಕೆ ಹತ್ತು ತಿಂಗಳ ಕರಾರು, ರಜೆಯಲ್ಲಿ ಸಂಬಳವಿಲ್ಲ, ಮುಂದಿನ ಜೂನ್‌ಗೆ ಕರಾರು ಮುಂದುವರಿಯುತ್ತದೆಯೋ ಇಲ್ಲವೋ ಎಂದು ಜುಲೈವರೆಗೆ ತಿಳಿಯುವುದಿಲ್ಲ. ಹಾಜರಾತಿಗೆ ಪ್ರತಿ ತಿಂಗಳೂ ನಾನೇ ಸಹಿ ಹಾಕಿ ಕಳಿಸುತ್ತಿದ್ದೆ. ಒಂದು ವರ್ಷ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಐದು ಸಹಿ ಹೋದವು, ಒಂದು ತಿಂಗಳ ಸಂಬಳವೂ ಬರಲಿಲ್ಲ. ಏಜೆನ್ಸಿಯನ್ನು ಕೇಳಿದರೆ ಇಲಾಖೆಯಿಂದ ಬಿಲ್ ಪಾಸಾಗಿಲ್ಲ ಎಂದರು. ಇಲಾಖೆಯಲ್ಲಿ ಕೇಳಿದರೆ ಏಜೆನ್ಸಿ ದಾಖಲೆ ಸರಿಯಾಗಿ ಸಲ್ಲಿಸಿಲ್ಲ ಎಂದರು. ಇಬ್ಬರಲ್ಲಿ ಯಾರ ಮಾತು ನಿಜವೆಂದು ತಿಳಿಯುವ ಯಾವ ದಾರಿಯೂ ಒಬ್ಬ ಮುಖ್ಯ ಶಿಕ್ಷಕನಿಗೆ ಇರಲಿಲ್ಲ, ಏಕೆಂದರೆ ಆ ಹಣ ನಮ್ಮ ಶಾಲೆಯ ಲೆಕ್ಕದೊಳಗೆ ಹಾಯ್ದು ಹೋಗುತ್ತಲೇ ಇರಲಿಲ್ಲ.

ಅಷ್ಟು ದಿನವೂ ಅವನು ಬಸ್ಸಿಗೆ ದುಡ್ಡು ಕೊಟ್ಟುಕೊಂಡು ಶಾಲೆಗೆ ಬರುತ್ತಿದ್ದ. ಸಂಜೆ ಹೆದ್ದಾರಿಯ ಗ್ಯಾರೇಜಿನಲ್ಲಿ ಕೆಲಸ ಮಾಡಿ ಬೆಳಗಿನ ಬಸ್ಸಿನ ದುಡ್ಡು ಸಂಪಾದಿಸುತ್ತಿದ್ದ ಎಂಬುದು ನನಗೆ ತಿಳಿದದ್ದು ಮಕ್ಕಳಿಂದ. ಆ ಗ್ಯಾರೇಜಿನ ಮಾಲೀಕ ತನ್ನಲ್ಲಿ ಸವೆದು ಎಸೆಯಬೇಕಾಗಿದ್ದ ಕ್ಲಚ್ ಪ್ಲೇಟುಗಳನ್ನೂ ಒಂದು ಕೆಟ್ಟ ಸ್ಟಾರ್ಟರ್ ಮೋಟಾರನ್ನೂ ಶಾಲೆಗೆ ಕೊಟ್ಟು ಕಳಿಸಿದ್ದರು. ಆ ವರ್ಷ ನಮ್ಮ ಮಕ್ಕಳು ನಿಜವಾಗಿ ಬಿಚ್ಚಿ ಜೋಡಿಸಿ ಕಲಿತದ್ದೆಲ್ಲ ಆ ಗುಜರಿಯ ಮೇಲೆಯೇ. ಒಂದು ಶನಿವಾರ 10ನೇ ತರಗತಿಯ ಹುಡುಗಿಯೊಬ್ಬಳು ಆ ಸ್ಟಾರ್ಟರ್ ಮೋಟಾರಿನ ಕಾರ್ಬನ್ ಬ್ರಷ್ ಬದಲಿಸಿ, ಕಮ್ಯುಟೇಟರನ್ನು ಮರಳುಕಾಗದದಿಂದ ಉಜ್ಜಿ, ಹಳೆಯ ಬ್ಯಾಟರಿಗೆ ಕೊಟ್ಟಳು. ಮೋಟಾರು ಗಿರ್ರನೆ ತಿರುಗಿ ಮೇಜಿನಿಂದ ಕೆಳಗೆ ಹಾರಿತು. ಅದನ್ನು ಬೆಂಚಿಗೆ ಬಿಗಿಯಲು ಒಂದು ವೈಸ್ ಇರಲಿಲ್ಲ. ಬೇಡಿಕೆ ಪಟ್ಟಿಯಲ್ಲಿ ಬರೆದು ಎರಡು ವರ್ಷವಾಗಿತ್ತು. ಯಾರ ಕಾಲಿಗೂ ಬೀಳಲಿಲ್ಲವೆಂಬುದು ನಮ್ಮ ಪುಣ್ಯ. ತರಬೇತುದಾರ ಮರುವರ್ಷ ಹೊಸೂರಿಗೆ ಹೊರಟುಹೋದ. ಇಲ್ಲಿ ಪೂರ್ತಿ ಬಂದಿದ್ದರೂ ಅವನ ಸಂಬಳ ಆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ನದಕ್ಕಿಂತ ಕಡಿಮೆಯಿತ್ತು. ಅವನನ್ನು ತಡೆಯಲು ನನಗೆ ಬಾಯಿ ಬರಲಿಲ್ಲ.

ಇದು ಯಾರೋ ಒಬ್ಬ ಗುಮಾಸ್ತರ ಅಸಡ್ಡೆಯೆಂದು ನಾನು ನಂಬುವುದಿಲ್ಲ. ಹಣ ಹರಿಯುವ ಕಾಲುವೆಯನ್ನೇ ಹಾಗೆ ತೋಡಲಾಗಿದೆ. ರಾಜ್ಯವು ಪ್ರತಿವರ್ಷ ವಾರ್ಷಿಕ ಕ್ರಿಯಾ ಯೋಜನೆಯನ್ನು ಸಿದ್ಧಪಡಿಸಿ ದೆಹಲಿಗೆ ಕಳಿಸಬೇಕು, ಅಲ್ಲಿನ ಯೋಜನಾ ಅನುಮೋದನಾ ಮಂಡಳಿ ಅದನ್ನು ನೋಡಿ ಒಪ್ಪಬೇಕು, ಕೇಂದ್ರದ ಪಾಲು ಕಂತುಗಳಲ್ಲಿ ಬರಬೇಕು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬಾರದು, ಅದರ ಜೊತೆಗೆ ರಾಜ್ಯದ ಪಾಲು ಸೇರಬೇಕು, ಆಮೇಲೆ ಅದು ಜಿಲ್ಲೆಗೆ, ಬ್ಲಾಕಿಗೆ, ಏಜೆನ್ಸಿಗೆ ಇಳಿಯಬೇಕು. 2021ರಲ್ಲಿ ಬಂದ ಏಕ ನೋಡಲ್ ಖಾತೆಯ, ಅಂದರೆ ಒಂದು ಯೋಜನೆಗೆ ರಾಜ್ಯಕ್ಕೆಲ್ಲ ಒಂದೇ ಬ್ಯಾಂಕ್ ಖಾತೆಯ, ವ್ಯವಸ್ಥೆಯಿಂದ ಹಣ ಎಲ್ಲೋ ಬ್ಯಾಂಕಿನಲ್ಲಿ ಕೊಳೆಯುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಶಾಲೆಯ ಖಾತೆಯಲ್ಲಿ ಈಗ ಶಿಲ್ಕು ಎಂಬುದೇ ಇರುವುದಿಲ್ಲ. ಮೇಲಿನಿಂದ ಒಂದು ಮಿತಿ ಬರುತ್ತದೆ, ಅದರೊಳಗೆ ಖರ್ಚು ಮಾಡಬೇಕು, ಮಾರ್ಚ್ 31ರೊಳಗೆ ಮಾಡದಿದ್ದರೆ ಹೋಯಿತು. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿ ಅದರ ಹಣ ಚಳಿಗಾಲದಲ್ಲಿ ಬಂದರೆ, ಜೂನ್‌ನಲ್ಲಿ ಹುಟ್ಟುವ ಶಾಲಾ ವರ್ಷಕ್ಕೆ ಉಳಿಯುವುದು ಪರೀಕ್ಷೆಯ ಎರಡು ತಿಂಗಳು ಮಾತ್ರ. ಗಣಿತದ ಪಾಠ ಹಣವಿಲ್ಲದೆಯೂ ನಡೆದೀತು, ಏಕೆಂದರೆ ಗಣಿತದ ಮೇಷ್ಟ್ರ ಸಂಬಳ ಖಜಾನೆಯಿಂದ ತಿಂಗಳು ತಿಂಗಳಿಗೆ ಬರುತ್ತದೆ. ಆಟೊಮೊಬೈಲಿನ ಮೇಷ್ಟ್ರಿಗೆ ಮಾತ್ರ ಏಕೆ ದೆಹಲಿಯ ಕಂತಿನ ದಾರಿ ಕಾಯುವ ಪಾಡು?

ನಮ್ಮ ರಾಜ್ಯಕ್ಕೆ ಇದು ಮೊದಲ ಅನುಭವವೂ ಅಲ್ಲ. ಪದವಿಪೂರ್ವ ಕಾಲೇಜುಗಳಲ್ಲಿ ದಶಕಗಳ ಕಾಲ ನಡೆದ ವೃತ್ತಿಪರ ಕೋರ್ಸುಗಳನ್ನು, ಜೆಒಸಿ ಎಂದರೆ ನಡುವಯಸ್ಸಿನವರೆಲ್ಲ ನೆನಪಿಸಿಕೊಳ್ಳುವುದನ್ನು, ತಾವೂ ಬಲ್ಲಿರಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ, 1990ರ ಹೊತ್ತಿಗೆ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇ 10, 1995ರ ಹೊತ್ತಿಗೆ ಶೇ 25ರಷ್ಟು ಮಂದಿ ವೃತ್ತಿಶಿಕ್ಷಣದಲ್ಲಿರಬೇಕು ಎಂದು ಗುರಿ ಹಾಕಿತ್ತು. ಆ ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ. ಜೆಒಸಿಯಲ್ಲಿ ಪಾಠ ಮಾಡಿದವರು ಅರೆಕಾಲಿಕರಾಗಿಯೇ ತಲೆ ನರೆಸಿಕೊಂಡರು. ಕೊನೆಗೆ ಕೋರ್ಸುಗಳನ್ನು ಮುಚ್ಚಿದಾಗ ಅವರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲು ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಆ ಕಾಯ್ದೆ ನ್ಯಾಯವಾದದ್ದೇ. ಆದರೆ ಕಲಿಸುವವರನ್ನು ಮೊದಲು ಅತಂತ್ರದಲ್ಲಿಟ್ಟು, ಕೋರ್ಸು ಸತ್ತ ಮೇಲೆ ಕಾಯಂ ಮಾಡಿದ ಆ ಸರ್ಕಸ್ಸನ್ನೇ ನಾವು ಎನ್‌ಎಸ್‌ಕ್ಯುಎಫ್ ಹೆಸರಿನಲ್ಲಿ ಮತ್ತೆ ಆಡುತ್ತಿರುವಂತೆ ತೋರುತ್ತದೆ. ಅದಕ್ಕೂ ಹಿಂದೆ, ನಾನು ಓದಿದ ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರೊಬ್ಬರಿದ್ದರು. ಉಳಿದ ಮೇಷ್ಟ್ರುಗಳ ಹಾಜರಿ ಪುಸ್ತಕದಲ್ಲೇ ಅವರ ಹೆಸರೂ ಇತ್ತು, ಅವರ ಸಂಬಳವೂ ಒಂದನೇ ತಾರೀಖಿಗೆ ಬರುತ್ತಿತ್ತು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಲು ಅವರು ಕಲಿಸಿದ ವಿದ್ಯೆಯಿಂದ ನಾನು ಮಾಡಿದ ಸ್ಟೂಲಿನ ಮೇಲೆ ನನ್ನ ಮೊಮ್ಮಗಳು ಈಗ ಕೂರುತ್ತಾಳೆ.

2020ರ ಶಿಕ್ಷಣ ನೀತಿಯ ಕಡತದಲ್ಲಿ ಒಂದು ಹೋಲಿಕೆ ಇದೆ: 19ರಿಂದ 24 ವರ್ಷದ ಭಾರತೀಯ ದುಡಿಮೆಗಾರರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯದಲ್ಲಿ ಶೇ 96. ವೇದಿಕೆಯ ಮೇಲೆ ಹೇಳಲು ಬಹಳ ಸೊಗಸಾದ ಅಂಕಿಗಳಿವು. ಆದರೆ ಜರ್ಮನಿಯಲ್ಲಿ ಕಸುಬು ಕಲಿಯುವ ಹುಡುಗನಿಗೆ ಕಂಪನಿ ತಿಂಗಳ ಭತ್ಯೆ ಕೊಡುತ್ತದೆ, ಅವನ ವೃತ್ತಿಶಾಲೆಯನ್ನು ಸರ್ಕಾರ ತನ್ನ ಖರ್ಚಿನಲ್ಲಿ ನಡೆಸುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಲ್ಲವೇ?

ಪೋಷಕರ ಮಾತನ್ನೂ ತಮ್ಮ ಗಮನಕ್ಕೆ ತರಲೇಬೇಕು. 'ಓದ್ಲಿ ಅಂತ ಸ್ಕೂಲಿಗೆ ಕಳ್ಸಿದ್ರೆ ಗ್ಯಾರೇಜ್ ಕೆಲ್ಸ ಕಲಿಸ್ತೀರಾ ಮೇಷ್ಟ್ರೇ' ಎಂದು ಒಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದರು. ಅವರು ಕುಲುಮೆಯ ಮುಂದೆ ಬದುಕು ಸವೆಸಿದವರು, ಮಗನನ್ನಾದರೂ ಅದರಿಂದ ಬಿಡಿಸಬೇಕೆಂದು ಹೊರಟವರು. ಅವರ ಅನುಮಾನಕ್ಕೆ ಇತಿಹಾಸವಿದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮೀಣ ಮಕ್ಕಳಿಗೆ ದಿನದ ಒಂದು ಭಾಗ ಶಾಲೆ, ಉಳಿದದ್ದು ಮನೆಯ ಕಸುಬು ಎಂಬ ಯೋಜನೆ ತಂದಾಗ, ಇದು ಜಾತಿಯ ಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಹುನ್ನಾರವೆಂದು ದೊಡ್ಡ ಚಳವಳಿಯೇ ನಡೆದು, ಮರುವರ್ಷ ಅವರು ಅಧಿಕಾರ ಬಿಡಬೇಕಾಯಿತು, ಯೋಜನೆ ರದ್ದಾಯಿತು. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸಿಗೇ ಸೇರಿತ್ತು. ನಾನು ಆ ತಂದೆಗೆ, ಕಮ್ಮಾರರ ಮಗನೂ ಗೌಡರ ಮಗಳೂ ಒಂದೇ ಬೆಂಚಿನಲ್ಲಿ ಒಂದೇ ಎಂಜಿನ್ ಬಿಚ್ಚುವ ಪಾಠವಿದು, ಇಲ್ಲಿ ಹುಟ್ಟಿಗೂ ಕಸುಬಿಗೂ ಗಂಟಿಲ್ಲ ಎಂದು ತಿಳಿಹೇಳಿದೆ. ಅವರು ಲ್ಯಾಬ್ ನೋಡಬೇಕೆಂದರು. ಬೀಗ ಹಾಕಿದ ಬೀರುವನ್ನೂ ಗುಜರಿ ಕ್ಲಚ್ ಪ್ಲೇಟುಗಳನ್ನೂ ನೋಡಿ ಏನೂ ಮಾತಾಡದೆ ಹೊರಟುಹೋದರು. ಅವರ ಮಗ ಮರುವಾರ ಹಿಂದಿಗೆ ಬದಲಾಯಿಸಿಕೊಂಡ. ಬಡವರ ಮಕ್ಕಳಿಗೆಂದು ಕೊಡುವ ಪಾಠವನ್ನು ಬಡತನದಲ್ಲೇ ನಡೆಸಿದರೆ, ಅದು ಕೈಲಾಗದವರ ವಿಷಯ ಎಂಬ ಹೆಸರು ಬರುವುದನ್ನು ಯಾವ ಜಾಗೃತಿ ಜಾಥಾದಿಂದಲೂ ತಡೆಯಲಾಗದು.

ಹಾಗಿದ್ದರೂ ಶಾಲೆಯೇ ಒಂದಿಷ್ಟು ಸಂಪಾದಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಿಯಾರು. ನಾವು ಅದನ್ನೂ ಮಾಡಿದೆವು. ಶನಿವಾರಗಳಂದು ಮಕ್ಕಳು ಮೇಷ್ಟ್ರುಗಳ ಬೈಕುಗಳಿಗೆ ಚೈನ್ ಬಿಗಿದು, ಆಯಿಲ್ ಬದಲಿಸಿ, ಪ್ಲಗ್ ಸ್ವಚ್ಛ ಮಾಡಿ ಗಾಡಿಗೆ 50 ರೂಪಾಯಿಯಂತೆ ಪಡೆದು ಅದರಿಂದಲೇ ಬನಿಯನ್ ಬಟ್ಟೆ, ಗ್ರೀಸು ಕೊಂಡರು. ಅದಕ್ಕೊಂದು ರಸೀದಿ ಪುಸ್ತಕವನ್ನೂ ಇಟ್ಟಿದ್ದೆ. ತಪಾಸಣೆಗೆ ಬಂದವರು, ಈ ಹಣವನ್ನು ಯಾವ ಲೆಕ್ಕಶೀರ್ಷಿಕೆಯಡಿ ಸ್ವೀಕರಿಸಿದಿರಿ, ಯಾವ ಆದೇಶದನ್ವಯ ವೆಚ್ಚ ಮಾಡಿದಿರಿ ಎಂದು ಬರೆದು ಕೇಳಿದರು. ಅಂಥ ಆದೇಶ ನನ್ನ ಬಳಿ ಇರಲಿಲ್ಲ. ವಿವರಣೆ ಬರೆದುಕೊಟ್ಟೆ, ಶನಿವಾರದ ಕೆಲಸ ನಿಂತಿತು.

ಮುಂದಿನ ದಾರಿಯ ಬಗೆಗೂ ಒಂದು ಮಾತು. ನಮ್ಮಲ್ಲಿ ಎರಡು ವರ್ಷ ಆಟೊಮೊಬೈಲ್ ಕಲಿತು ಪಾಸಾದ ಹುಡುಗ ಐಟಿಐ ಸೇರಿದರೆ, ಸ್ಪಾನರ್ ಹಿಡಿಯುವುದು ಹೇಗೆಂಬಲ್ಲಿಂದ ಮತ್ತೆ ಶುರು. ಪಿಯುಸಿಗೆ ಹೋದರೆ, ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಆ ವಿಷಯವೇ ಇರಲಿಲ್ಲ. ಈಗ ಇನ್ನೊಂದು ಅನಿಶ್ಚಿತತೆ ಸೇರಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಆ ಶಿಫಾರಸಿನ ಸರಿತಪ್ಪು ಈ ಪತ್ರದ ವಿಷಯವಲ್ಲ. ಆದರೆ ತೃತೀಯ ಭಾಷೆಯ ಕುರ್ಚಿಯಲ್ಲಿ ಬದಲಿಯಾಗಿ ಕೂತಿರುವ ಕಸುಬಿನ ಪಾಠಕ್ಕೆ, ಆ ಕುರ್ಚಿಯನ್ನೇ ತೆಗೆದ ದಿನ ಎಲ್ಲಿ ಜಾಗ ಎಂಬುದನ್ನು ಯಾರಾದರೂ ಈಗಲೇ ಯೋಚಿಸಿ ಬರೆದಿಡಬೇಕು. ವೇಳಾಪಟ್ಟಿಯಲ್ಲಿ ತನ್ನದೇ ಜಾಗವಿಲ್ಲದ ವಿಷಯಕ್ಕೆ ಆಯವ್ಯಯದಲ್ಲಿಯೂ ಜಾಗ ಸಿಗುವುದು ಕಷ್ಟ.

ನಮ್ಮ ಸರ್ಕಾರ 2024ರ ಜನವರಿಯಿಂದ ಯುವನಿಧಿಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತಿದೆ. ಖಾಸಗಿ ಕಂಪನಿಗಳ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಎರಡಕ್ಕೂ ನನ್ನ ತಕರಾರಿಲ್ಲ. ಹತ್ತನೇ ತರಗತಿಯಲ್ಲಿ ಫೇಲಾಗಿ ಎರಡರ ಬಾಗಿಲಿಗೂ ತಲುಪದ ಹುಡುಗರು ನಮ್ಮ ಹೆದ್ದಾರಿಯ ಪಂಕ್ಚರ್ ಅಂಗಡಿಗಳಲ್ಲಿದ್ದಾರೆ, ಅವರನ್ನು ಸರ್ಕಾರ ಕೊನೆಯ ಸಲ ಕಂಡದ್ದು ಪ್ರೌಢಶಾಲೆಯಲ್ಲಿ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ವೃತ್ತಿ ತರಬೇತುದಾರರ ಸಂಬಳವನ್ನು ಏಜೆನ್ಸಿಗಳ ಕೈಯಿಂದ ಬಿಡಿಸಿ, ಕಾಯಂ ಹುದ್ದೆ ಈ ವರ್ಷವೇ ಆಗದಿದ್ದರೆ ಕೊನೆಗೆ ನೇರ ಕರಾರಿನ ಮೇಲಾದರೂ, ಹನ್ನೆರಡು ತಿಂಗಳಿಗೂ ಖಜಾನೆಯಿಂದ ಕೊಡುವ ವ್ಯವಸ್ಥೆಯಾಗಲಿ. ಕೇಂದ್ರದ ಪಾಲು ಬರುವವರೆಗೆ ರಾಜ್ಯ ತನ್ನ ಹಣದಿಂದ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಲಿ. ಖರ್ಚಾಗುವ ಸಾಮಾನಿನ ಹಣವನ್ನು ಮಕ್ಕಳ ತಲೆಎಣಿಕೆಯ ಮೇಲೆ ಜೂನ್ ತಿಂಗಳಲ್ಲೇ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಕೊಟ್ಟು, ಊರಿನ ಅಂಗಡಿಯ ಬಿಲ್ಲಿಗೆ ಕೊಳ್ಳುವ ಅಧಿಕಾರವನ್ನೂ, ರಿಪೇರಿ ಕೆಲಸದಿಂದ ಬಂದ ಚಿಲ್ಲರೆಯನ್ನು ಅದೇ ಲ್ಯಾಬಿಗೆ ಬಳಸುವ ಅಧಿಕಾರವನ್ನೂ ಒಂದು ಸ್ಪಷ್ಟ ಆದೇಶದಲ್ಲಿ ನೀಡಲಿ. ಬಳಸಿ ಸವೆದ ಉಪಕರಣವನ್ನು ವರ್ಷಕ್ಕೊಮ್ಮೆ ದಾಸ್ತಾನಿನಿಂದ ತೆಗೆದುಹಾಕುವ ಹಕ್ಕು ಮುಖ್ಯ ಶಿಕ್ಷಕರಿಗಿರಲಿ, ಆಗ ಬೀರುಗಳು ತಾವಾಗಿ ತೆರೆಯುತ್ತವೆ. ಯಾವ ಕಸುಬು ಬೇಕೆಂಬ ಆಯ್ಕೆಯಲ್ಲಿಯೂ ಊರಿನ ಮಾತು ನಡೆಯಲಿ: ಕೊಳವೆಬಾವಿಯ ನೀರನ್ನೇ ನಂಬಿದ ನಮ್ಮ ಕಡೆ ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಕಲಿಸಿ ಎಂದು ಎಸ್‌ಡಿಎಂಸಿ ಸಭೆಯಲ್ಲಿ ರೈತರೇ ಕೇಳಿದ್ದರು, ನಡವಳಿ ಪುಸ್ತಕದಲ್ಲಿ ಅದು ದಾಖಲಾಗಿಯೂ ಇದೆ.

ಮುಂದಿನ ವರ್ಷದ ಕ್ರಿಯಾ ಯೋಜನೆ ದೆಹಲಿಗೆ ಹೋಗುವ ಮೊದಲು, ಎನ್‌ಎಸ್‌ಕ್ಯುಎಫ್ ಇರುವ ಪ್ರತಿ ಶಾಲೆಯ ಮುಖ್ಯ ಶಿಕ್ಷಕರಿಂದ ಎರಡೇ ಪ್ರಶ್ನೆಗಳಿಗೆ ಲಿಖಿತ ಉತ್ತರ ತರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ: ತರಬೇತುದಾರರಿಗೆ ಕಳೆದ ಸಂಬಳ ಯಾವ ತಾರೀಖಿಗೆ ಬಂತು, ಮತ್ತು ಲ್ಯಾಬಿನ ಬೀರುವಿನ ಕೀಲಿ ಈಗ ಯಾರ ಬಳಿ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ, ಚಿತ್ರದುರ್ಗ ಜಿಲ್ಲೆ